ಮಾತಾಡಿಸಾಕ ಬಂದಿದ್ದೆ

ಯಲಬುರ್ಗಾ
೧೪-೧೦-೨೦೨೪

ಗೆಳೆಯ ಮರ್ದಾನಸಾಬ,

‘ಇತ್ತ ಕಡೆ ನಾವೆಲ್ಲರೂ ಕ್ಷೇಮ’ ಅಂತ ಸುರು ಮಾಡೋದು ಕಾಗದದ ರಿವಾಜು. ಆದ್ರ ‘ನಾವೆಲ್ಲರೂ’ ಅಂತ ಬರಿಯಾಕ ಈ ಮನ್ಯಾಗ ಈಗ ನಾ ಒಬ್ಬನೇ ಅದೀನಿ, ಕ್ಷೇಮ ಅನ್ನೋದು ಡಾಕ್ಟರು ಹೇಳಬೇಕಾದ ಮಾತು. ಅದಕ್ಕ ನೇರ ವಿಷಯಕ್ಕ ಬರ್ತೀನಿ. ವಿಷಯ: ಸಾಲಿ ಗೆಳೆಯರ ಸ್ನೇಹ ಸಮ್ಮೇಳನಕ್ಕ ನೀನು ಹಾಜರಾಗುವ ಕುರಿತು. ಉಲ್ಲೇಖ: ನಿನ್ನ ಮೊಬೈಲಿಗೆ ನಾ ಮಾಡಿದ ಹನ್ನೊಂದು ಫೋನು, ಒಂದನ್ನೂ ನೀ ಎತ್ತದೇ ಇದ್ದದ್ದು.

ನಗಬ್ಯಾಡ. ಮೂವತ್ತು ವರ್ಷ ತಹಶೀಲ್ದಾರ ಕಚೇರಿ ಮುಂದ ಕುಂತು ಮಂದಿ ಅರ್ಜಿ ಬರದು ಬರದು ಕೈ ಹಿಂಗಾಗೈತಿ. ಸಂತಿ ಚೀಟಿ ಬರದ್ರೂ ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಅಂತ ಬರೀತಿದ್ದೆ, ನಮ್ಮಾಕಿ ಕಳಕಮ್ಮ ಬದನಿಕಾಯಿ ಎಲ್ಲಿ ಬರದೀರಿ ಅಂತ ಹುಡುಕತಿದ್ಲು.

ಸಮಾಚಾರ ಏನಂದ್ರ, ಎಂಬತ್ತೇಳನೇ ಇಸ್ವಿಯೊಳಗ ಕುಷ್ಟಗಿ ಸಾಲ್ಯಾಗ ಹತ್ತನೇ ಕ್ಲಾಸು ಮುಗಿಸಿದ ನಾವೆಲ್ಲಾ ಡಿಸೆಂಬರ್ ಇಪ್ಪತ್ತೊಂಬತ್ತು, ರವಿವಾರ, ಅದೇ ಸಾಲ್ಯಾಗ ಕೂಡೋದು ಅಂತ ಆಗೈತಿ. ಗುರುಗಳಿಗೆ ಸನ್ಮಾನ, ಗೋಧಿ ಹುಗ್ಗಿ ಊಟ, ಫೋಟೋ. ಅಧ್ಯಕ್ಷ ಗ್ಯಾನಪ್ಪ. ಅದಾ, ಹಿಂದಿನ ಬೆಂಚಿನ್ಯಾಗ ಕುಂತು ಬಳಪ ತಿಂತಿದ್ನಲ್ಲ, ಅವ. ಈಗ ರಸ್ತೆ ಗುತ್ತಿಗೆದಾರ. ಕಾರ್ಯದರ್ಶಿ ನಾನು. ಅಂದ್ರ ಕೆಲಸ ನಂದು, ಕೊರಳ ಮಾಲಿ ಅವಂದು.

ಆಮಂತ್ರಣ ಪತ್ರಿಕೆ ಮೂರು ಸಲ ಅಚ್ಚಾತು. ಒಮ್ಮೆ ಗ್ಯಾನಪ್ಪನ ಹೆಸರು ಸಣ್ಣದಾತು ಅಂತ. ಒಮ್ಮೆ ‘ಘನ ಉಪಸ್ಥಿತಿ’ ಒಳಗ ಹಾಕಿದವರು ನಾವ್ಯಾಕ ಮುಖ್ಯ ಅತಿಥಿ ಅಲ್ಲ ಅಂತ ಮುನಿಸಿಕೊಂಡದ್ದಕ್ಕ. ವಾಟ್ಸಾಪ್ ಗುಂಪಿನ್ಯಾಗ ಗಂಡಸರ ಅಂಗಿ ಬಣ್ಣಕ್ಕ ಒಂಬತ್ತು ದಿನ ಜಗಳ. ಐವತ್ತಮೂರು ವರ್ಷದ ಮಂದಿ! ನಾ ಸಿಟ್ಟಿಗೆದ್ದು ಗುಂಪು ಬಿಟ್ಟೆ, ಕಾರ್ಯದರ್ಶಿ ಆಗಿದ್ದೂ. ಈಗ ಅವರು ಮಾತಾಡಿದ್ದು ನಂಗ ಗೊತ್ತಾಗೂದಿಲ್ಲ, ನಾ ಮಾಡಿದ್ದು ಅವರಿಗೆ ಗೊತ್ತಾಗೂದಿಲ್ಲ. ಕೆಲಸ ಸುಸೂತ್ರ ನಡದೈತಿ.

ನಮ್ಮ ಕಾಲೇಜಿನ ಇಂಗ್ಲಿಷ್ ಮಾಸ್ತರು ಒಂದು ಮಾತು ಹೇಳತಿದ್ರು: ‘ಓಲ್ಡ್ ಫ್ರೆಂಡ್ಸ್ ಆರ್ ಲೈಕ್ ಓಲ್ಡ್...’ ಓಲ್ಡ್ ಏನೋ ಒಂದು. ಗೋಲ್ಡೋ ಶೂಸೋ. ಅರ್ಥ ಮಾತ್ರ ಛಲೋ ಇತ್ತು.

ನಿನ್ನ ಮ್ಯಾಲೆ ನಂಗೊಂದು ಸಿಟ್ಟು ಐತಿ, ನಿಂಗೂ ಗೊತ್ತೈತಿ. ಕಳಕಮ್ಮ ತೀರಿಕೊಂಡು ಬರೋ ಫೆಬ್ರವರಿಗೆ ಮೂರು ವರ್ಷ. ಸಾವಿನ ಮನಿಗೆ ವೈರಿ ಸೈತ ಮಾತಾಡಿಸಾಕ ಬರ್ತಾನ, ಒಂದು ತಾಸು ಕುಂತು ಎದ್ದು ಹೋಗ್ತಾನ. ನೀ ಬರಲಿಲ್ಲ. ಆ ಕನ್ಯಾ ತೋರಿಸಿದಾವ ನೀನು, ನಿಮ್ಮ ಗಂಗಾವತಿ ಓಣಿ ಹುಡುಗಿ, ನಿನ್ನ ಅಣ್ಣಾ ಅಂತ ಕರೀತಿದ್ಲು. ಇರ್ಲಿ. ಈಗ ಆ ಮಾತು ಬ್ಯಾಡ. ನಾ ಏನೂ ಕೇಳೂದಿಲ್ಲ. ಯಲಬುರ್ಗಿಗೆ ಬರೋದೂ ಬ್ಯಾಡ, ನೇರ ಕುಷ್ಟಗಿಗೆ ಬಂದುಬಿಡು.

ಯುವರ್ಸ್ ಫೇತ್‌ಫುಲಿ,
ಅಂದಪ್ಪ

ತಾ.ಕ.: ಈ ನೀಲಿ ಕಾಗದ ಕೇಳಿದ್ದಕ್ಕ ಪೋಸ್ಟಿನ ಹುಡುಗಿ ‘ಕಾಕಾ, ಯಾರಿಗರಿ?’ ಅಂತ ಕೇಳಿದ್ಲು. ಫೋನ್ ಎತ್ತದ ಮಂದಿಗವ್ವಾ ಅಂದೆ.

*

ಗಂಗಾವತಿ
೫-೧೧-೨೦೨೪

ಅಂದಪ್ಪ,

ಕಾಗದ ಮುಟ್ಟಿತು. ಅಕ್ಷರ ಇನ್ನೂ ಹಂಗೇ ಐತಿ, ಕೋಳಿ ಕೆದರಿದಂಗ.

ಡಿಸೆಂಬರದಾಗ ಬರಾಕ ಆಗೂದಿಲ್ಲ. ಭತ್ತದ ಕೊಯ್ಲು ಮುಗದ ಮ್ಯಾಲೆ ಇಲ್ಲಿ ಹುಡುಗರು ಮೊದಲು ಮಾಡೋ ಕೆಲಸ ಬೈಕಿನ ಸೀಟು ಹೊಲಿಸೋದು. ಅಂಗಡಿ ಬಿಟ್ಟು ಏಳಾಕ ಆಗೂದಿಲ್ಲ. ಮೊಣಕಾಲೂ ನೋಯಸಾಕ ಹತ್ತೈತಿ. ಮುಮ್ತಾಜಗ ಸಕ್ಕರಿ ಬ್ಯಾನಿ ಜಾಸ್ತಿ ಆಗೈತಿ.

ತಂಗಿ ಕಳಕಮ್ಮನ ಬಗ್ಗೆ ನೀ ಬರದದ್ದು ಓದಿದೆ. ಅದಕ್ಕ ನಾ ಏನೂ ಬರಿಯೂದಿಲ್ಲ.

ಎಲ್ಲಾರಿಗೂ ಸಲಾಮು ಹೇಳು.

ಮರ್ದಾನಸಾಬ

*

ಯಲಬುರ್ಗಾ
೯-೧೧-೨೦೨೪

ಮರ್ದಾನ,

ಒಂದು ಕಾರಣ ಬರದಿದ್ರ ನಂಬತಿದ್ದೆ. ಮೂರು ಬರದಿ. ಮೂರು ಕಾರಣ ಕೊಟ್ಟಾವ ಸುಳ್ಳು ಹೇಳ್ತಾನ ಅಂತ ಅರ್ಜಿ ಬರಿಯಾವಗ ಯಾರೂ ಕಲಿಸಬೇಕಾಗಿಲ್ಲ. ರಜಾ ಅರ್ಜಿ, ವಿಧವಾ ವೇತನ, ಬೆಳಿ ಪರಿಹಾರ, ಎಲ್ಲಾದರಾಗೂ ಇದೇ ನಡೀತೈತಿ. ‘ಅನ್‌ಅವಾಯ್ಡೆಬಲ್ ಸರ್ಕಮ್‌ಸ್ಟೆನ್ಸಸ್’ ಅಂತ ಒಂದೇ ಸಾಲು ಗೀಚಿದ್ರ ಮುಗೀತಿತ್ತು.

ಮೊಣಕಾಲು ಅಂತ! ಇಲ್ಲಿ ಯಾರ ಮೊಣಕಾಲು ಸುಮ್ನ ಕುಂತಾವು? ನಾ ಇದೇ ಮೊಣಕಾಲು ತಗೊಂಡು ನಮ್ಮ ಗಣಿತದ ಗುರುಗಳ ಮನಿಗೆ ಮೂರು ಸಲ ಹೋದೆ. ಎಂಬತ್ತನಾಕು ವರ್ಷ, ಕಿವಿ ಪೂರ್ತಿ ಹೋಗ್ಯಾವು. ‘ಸರ, ನಿಮಗ ಸನ್ಮಾನ’ ಅಂತ ಒದರಿದೆ. ‘ನಿನ್ನ ಮಾರ್ಕ್ಸ್ ಕಾರ್ಡ್ ಇನ್ನೂ ಬಂದಿಲ್ಲಪಾ, ಮುಂದಿನ ವಾರ ಬಾ’ ಅಂದ್ರು. ಮುಂದಿನ ವಾರ ಹೋದೆ. ಮತ್ತ ಅದೇ. ಮೂರನೇ ಸಲ ಚೀಟಿ ಬರದು ತೋರಿಸಿದೆ, ಓದಿ, ಎರಡು ತಪ್ಪು ತಿದ್ದಿ ವಾಪಸ್ ಕೊಟ್ರು. ಗ್ಯಾನಪ್ಪಗ ಹೇಳಿದ್ರ, ‘ನೀ ಸೆಕ್ರೆಟರಿ, ನೋಡ್ಕೋ’ ಅಂದ. ಅವಂಗ ಶಾಮಿಯಾನದಾಗ ತನ್ನ ಕುರ್ಚಿ ಎಲ್ಲಿ ಇರ್ತೈತಿ ಅನ್ನೋದೊಂದೇ ಚಿಂತಿ.

ಮೊನ್ನೆ ಕಮಿಟಿ ಕೂಡಿತ್ತು. ‘ಮರ್ದಾನ್ಯಾ ಯಾಕ ಬರೂದಿಲ್ಲಂತ?’ ಅಂತ ಎಲ್ಲಾರೂ ಕೇಳಿದ್ರು. ನಾ ಯಾಕ ಮುಚ್ಚಿಡ್ಲಿ? ಹೇಳಿದೆ, ‘ನನ್ನ ಹೆಂಡತಿ ಸತ್ತಾಗ ಮಾತಾಡಿಸಾಕ ಬರಲಿಲ್ಲ, ಈಗ ಯಾವ ಮಾರಿ ಹೊತಗೊಂಡು ಬರ್ತಾನ’ ಅಂತ. ಎಲ್ಲಾರೂ ಲೊಚಗುಟ್ಟಿದ್ರು. ಗ್ಯಾನಪ್ಪ, ಅವನ್ನ ನಾ ವಿಚಾರಸ್ತೀನಿ ಅಂದ.

ಮತ್ತ ‘ಏನೂ ಬರಿಯೂದಿಲ್ಲ’ ಅಂದ್ರ ಏನು? ಬರಿಯಾಕ ಐತಿ ಅಂತೋ, ಇಲ್ಲ ಅಂತೋ? ನನ್ನಂಥಾ ಅರ್ಧಾ ಬಿ.ಎ. ಮಂದಿಗೆ ತಿಳಿಯೂ ಹಂಗ ಬರಿ.

ಅಂದಪ್ಪ

*

ಗಂಗಾವತಿ
೧-೧೨-೨೦೨೪

ಅಂದಪ್ಪ,

ಗ್ಯಾನಪ್ಪ ಫೋನ್ ಮಾಡಿದ್ದ. ‘ಏನೋ ಸಾಬ, ಮನುಷಾ ಏನೋ ನೀನು? ಅಂದಪ್ಪನ ಹೆಂಡತಿ ಸತ್ರ ಒಂದು ಹೆಜ್ಜಿ ಇಡಲಿಲ್ಲ?’ ಅಂದ. ಅಂಗಡ್ಯಾಗ ಗಿರಾಕಿ ಇದ್ರು, ನಾ ಹೂಂ ಅಂದು ಫೋನ್ ಇಟ್ಟೆ. ಆಮ್ಯಾಲೆ ಸೂಜಿ ಎರಡು ಸಲ ಬೆರಳಿಗೆ ಹೊಕ್ಕಿತು. ಅದಕ್ಕ ಈಗ ಬರೀತೀನಿ.

ಎರಡು ಸಾವಿರದ ಇಪ್ಪತ್ತೆರಡು, ಫೆಬ್ರವರಿ ಹದಿನೇಳು, ಗುರುವಾರ. ತಂಗಿ ಹೋಗಿ ಐದನೇ ದಿನ. ಸುದ್ದಿ ನಂಗ ತಡಾಗಿ ತಿಳೀತು, ಮಣ್ಣಿಗೆ ಬರಾಕ ಆಗಲಿಲ್ಲ, ಅದು ನನ್ನ ತಪ್ಪು ಅನ್ನು. ಮುಮ್ತಾಜ ಬೆಳಿಗ್ಗೆ ಎದ್ದು ಸಾವಿನ ಮನಿಗೆ ಒಯ್ಯೋ ಬುತ್ತಿ ಕಟ್ಟಿದ್ಲು. ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಮೊಸರನ್ನ. ಆಕಿಗೆ ಜ್ವರ ಇತ್ತು, ನಾ ಒಬ್ಬನೇ ಹೊಂಟೆ. ಕೊಪ್ಪಳಕ್ಕ ಒಂದು ಬಸ್ಸು, ಅಲ್ಲಿಂದ ಕುಕನೂರು ಮ್ಯಾಲೆ ಇನ್ನೊಂದು. ಬುತ್ತಿ ತೊಡಿ ಮ್ಯಾಲೆ ಇಟಗೊಂಡು, ನಿನ್ನ ಮುಂದ ಏನು ಮಾತಾಡಬೇಕಂತ ದಾರಿ ತುಂಬ ಕೂಡಿಸಿಕೊಂಡು ಬಂದೆ.

ನಿಮ್ಮ ಮನಿ ಮುಂದಿನ ಬಾಗಲಕ್ಕ ಕೀಲಿ ಇತ್ತು. ಅಂದಪ್ಪಾ ಅಂತ ಮೂರು ಸಲ ಕೂಗಿದೆ. ಬಾಜೂ ಮನಿ ಯಂಕವ್ವ ಹೊರಗ ಬಂದು ನನ್ನ ನೋಡಿದ್ಲು, ಆಮ್ಯಾಲೆ ನೆಲಾ ನೋಡಿದ್ಲು. ಅಷ್ಟರಾಗ ಮನಿ ಒಳಗ ಯಾರೋ ಕೆಮ್ಮಿದ್ರು. ಆ ಕೆಮ್ಮು ನಂಗ ಗೊತ್ತು, ಅಂದಪ್ಪ. ಐದು ವರ್ಷ ಸಾಲಿ ಬೆಂಚಿನ್ಯಾಗ ನನ್ನ ಎಡಗಡೆ ಕುಂತು ಕೆಮ್ಮಿದ ಕೆಮ್ಮು ಅದು.

ಹೊರಗ ಕೀಲಿ, ಒಳಗ ನೀನು. ನಾ ಏನು ತಿಳಕೋಬೇಕು? ದಿನದ ಕಾರ್ಯ ಇನ್ನೂ ಆಗಿರಲಿಲ್ಲ, ಹಿರೇರು ಯಾರೋ ‘ದುಃಖದ ಮನಿಗೆ ಸಾಬರ ಬುತ್ತಿ ಬ್ಯಾಡ’ ಅಂದಿರಬೇಕು, ನನ್ನ ಮಾರಿ ಮ್ಯಾಲೆ ಹೇಳಾಕ ಆಗದ ನೀ ಕೀಲಿ ಹಾಕಿಸಿಕೊಂಡಿ ಅಂತ ತಿಳಕೊಂಡೆ. ಬುತ್ತಿ ಯಂಕವ್ವನ ಕೈಯಾಗ ಕೊಟ್ಟು ಬಸ್ಸಿಗೆ ಬಂದೆ.

ಇದನ್ನ ಯಾರ ಮುಂದೂ ಹೇಳಿಲ್ಲ. ಮನಿಗೆ ಬಂದಾಗ ಮುಮ್ತಾಜ, ‘ಉಂಡ್ರೇನು?’ ಅಂತ ಕೇಳಿದ್ಲು. ಉಂಡ, ಪುಂಡಿಪಲ್ಲೆ ಛಲೋ ಆಗಿತ್ತು ಅಂದ ಅಂತ ಹೇಳಿದೆ. ಆಕಿ ಮುಂದ ನಾ ಹೇಳಿದ ದೊಡ್ಡ ಸುಳ್ಳು ಅದೊಂದೇ.

ಮೂರು ವರ್ಷ ನನ್ನ ಸಂಕಟ ನಂಗಿತ್ತು, ನಡೀತಿತ್ತು. ಈಗ ಅರವತ್ತು ಮಂದಿ ಮುಂದ ನಾ ಮಾತಾಡಿಸಾಕ ಹೋಗದಾವ ಆದೆ. ಅಂದಪ್ಪ ಒಳಗಿದ್ದ ಅಂತ ನಾ ಹೇಳಿದ್ರ ನಿನ್ನ ಮರ್ಯಾದಿ ಹೋಗ್ತೈತಿ, ಹೇಳದಿದ್ರ ನಂದು. ಯಾರ ಮುಂದ ನನ್ನ ಹೆಸರು ಕೆಡಿಸಿದಿಯೋ ಅವರ ಮುಂದ ನೀನೇ ಹೇಳಬೇಕು. ಇಲ್ಲಂದ್ರ ಆ ಸಾಲಿ ಮೆಟ್ಟಲಾ ನಾ ಹತ್ತೂದಿಲ್ಲ, ನಿಂಗ ಇನ್ನ ಕಾಗದಾನೂ ಬರಿಯೂದಿಲ್ಲ.

ಮರ್ದಾನಸಾಬ

*

ಯಲಬುರ್ಗಾ
೭-೧೨-೨೦೨೪

ಮಾನ್ಯರೇ,

ತಮ್ಮ ದಿನಾಂಕ ೧-೧೨-೨೦೨೪ರ ಪತ್ರ ತಲುಪಿದೆ. ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಯಪಡಿಸುವುದೇನೆಂದರೆ, ತಾವು ಹೇಳುವ ದಿನದಂದು ನಾನು ಊರಿನಲ್ಲಿ ಇರಲಿಲ್ಲ. ಗಿಣಿಗೇರಾದಲ್ಲಿ ಮಗಳು ಸುನಿತಾಳ ಮನೆಯಲ್ಲಿ ಇದ್ದೆ. ಕೆಮ್ಮು ಬೇರೆ ಯಾರದೋ ಇರಬೇಕು. ಊರಿನಲ್ಲಿ ಕೆಮ್ಮುವವರಿಗೆ ಕಡಿಮೆ ಇಲ್ಲ.

ಫ್ಲೆಕ್ಸ್ ತಯಾರಾಗಿದೆ. ಗ್ಯಾನಪ್ಪನ ಫೋಟೋ ಮೂರು ಫೂಟು, ಸಾಲಿ ಫೋಟೋ ಒಂದು ಫೂಟು.

ಇಂತಿ ತಮ್ಮ ವಿಶ್ವಾಸಿ,
ಅಂದಪ್ಪ, ಕಾರ್ಯದರ್ಶಿ

*

(ಪೋಸ್ಟ್ ಕಾರ್ಡ್)

ಗಂಗಾವತಿ
೧೬-೧೨-೨೦೨೪

ಬರಿಯೂದಿಲ್ಲ ಅಂದಿದ್ದೆ, ಇದೊಂದು ಕಡೀದು. ಹೊರಗ ಕೀಲಿ ಹಾಕಿದ ಮನ್ಯಾಗ ಮಟಮಟ ಮಧ್ಯಾಹ್ನ ಬ್ಯಾರೆಯವರು ಬಂದು ಕೆಮ್ಮೂದಿಲ್ಲ. ಯಂಕವ್ವ ಇನ್ನೂ ಗಟ್ಟಿ ಅದಾಳ, ಕೇಳಿದ್ರ ಹೇಳ್ತಾಳ. ನಾ ಕೇಳೂದಿಲ್ಲ.

ಮ.

*

ಯಲಬುರ್ಗಾ
೩೦-೧೨-೨೦೨೪

ಮರ್ದಾನ,

ಲೇ, ಬುದ್ಧಿ ಐತೇನು ನಿಂಗ? ಕಾರ್ಡಿನ್ಯಾಗ ಬರೀತಾರೇನು ಇಂಥಾದ್ದನ್ನ? ಪೋಸ್ಟಿನ ಹುಡುಗಿ ಓದ್ಯಾಳ, ಪೋಸ್ಟಮನ್ ಓದ್ಯಾನ, ಅವ ಚಹಾದಂಗಡ್ಯಾಗ ಮಂದಿ ಮುಂದ ಗಟ್ಟಿ ಓದಿ ತೋರ್ಸ್ಯಾನ. ನಾ ಕಚೇರಿ ಮುಂದ ನನ್ನ ಮೇಜಿಗೆ ಹೋಗೋದರಾಗ ವಿಧವಾ ವೇತನದ ಅರ್ಜಿ ಬರಸಾಕ ಬಂದ ಮುದುಕಿ, ‘ಒಳಗ ಯಾಕ ಕುಂತಿದ್ದಿಪಾ?’ ಅಂತ ಕೇಳಿದ್ಲು. ನಾ ಏನು ಹೇಳಬೇಕು ಆಕಿಗೆ? ಹತ್ತು ದಿನ ಹೊರಗ ಹೋಗೋದು ಸಾಕಾಗಿ ಹೋತು. ಯಂಕವ್ವ ಮಾತ್ರ ದಿನಾ ಕಟ್ಟಿ ಮ್ಯಾಲೆ ಕುಂತು ನನ್ನ ಬಾಗಲಾ ನೋಡ್ತಿದ್ಲು. ಅದೇ ಹೆಚ್ಚಾತು.

ಸಮ್ಮೇಳನದ ವರದಿ ಕೊಡ್ತೀನಿ, ಕಾರ್ಯದರ್ಶಿ ಅಲ್ಲೇನು. ಅರವತ್ತಕ್ಕ ನಲವತ್ತೊಂದು ಮಂದಿ ಬಂದಿದ್ರು. ಗಂಡಸರು ನೀಲಿ ಅಂಗಿ ಅಂತ ತೀರ್ಮಾನ ಆಗಿತ್ತು, ಒಬ್ಬೊಬ್ಬನ ನೀಲಿ ಒಂದೊಂದು ಥರಾ, ಬಸ್ ಕಂಡಕ್ಟರನಿಂದ ಹಿಡದು ಬ್ಯಾಂಕಿನವನ ತನಕ. ಗುರುಗಳಿಗೆ ಶಾಲು ಹೊದಿಸಿದ್ರ, ‘ಪಾಸಾದಿ?’ ಅಂತ ಗ್ಯಾನಪ್ಪನ್ನ ಕೇಳಿದ್ರು. ಆಮ್ಯಾಲೆ ಪ್ರಾಸ್ತಾವಿಕ ಮಾತು, ಅದು ನಂದು. ಇಂಗ್ಲಿಷಿನ್ಯಾಗ ಒಂದು ಸಾಲು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ‘ಇಟ್ ಗಿವ್ಸ್ ಮಿ ಇಮ್ಮೆನ್ಸ್ ಪ್ಲೆಜರ್’ ಅಂತ. ‘ಇಟ್ ಗಿವ್ಸ್ ಮಿ’ ಅಂದೆ, ಮುಂದ ಆಗಲಿಲ್ಲ. ಮುಂದಿನ ಸಾಲಿನ್ಯಾಗ ಒಂದು ಕುರ್ಚಿ ಖಾಲಿ ಇತ್ತು. ಅದು ನಿಂಗಂತ ಇಟ್ಟದ್ದಲ್ಲ, ಯಾರೋ ಉಚ್ಚಿಗೆ ಎದ್ದು ಹೋಗಿದ್ರು. ಆದ್ರ ನಾ ನೋಡಿದ್ದು ಅದನ್ನೊಂದೇ.

ಹೇಳಿದೆ. ‘ಮರ್ದಾನಸಾಬ ಮಾತಾಡಿಸಾಕ ಬಂದಿದ್ದ. ಐದನೇ ದಿನಕ್ಕ ಬುತ್ತಿ ಹೊತಗೊಂಡು ಬಂದಿದ್ದ. ನಾ ಒಳಗಿದ್ದೆ, ಕೇಳಿಸಿಕೊಂಡೆ, ಬಾಗಲಾ ತಗಿಲಿಲ್ಲ. ಬಂದಿಲ್ಲ ಅಂತ ನಿಮ್ಮ ಮುಂದ ಹೇಳಿದ್ದು ಸುಳ್ಳು’ ಅಂದೆ. ಗ್ಯಾನಪ್ಪ ಹಿಂದಿಂದ ಅಂಗಿ ಜಗ್ಗಾಕ ಹತ್ತಿದ, ‘ಲೇ, ಇದು ಪ್ರಾಸ್ತಾವಿಕ ಅಲ್ಲೇನಲೇ, ಏನು ಮಾತಾಡ್ತಿ!’ ಅಂತ. ಆಮ್ಯಾಲೆ ಗುರುಗಳು ಒಬ್ರೇ ಚಪ್ಪಾಳಿ ಹೊಡದ್ರು, ಏನು ಕೇಳಿತೋ ಏನೋ. ಅವರು ಹೊಡದ್ರು ಅಂತ ಎಲ್ಲಾರೂ ಹೊಡದ್ರು. ಇಂಥಾ ಮಾತಿಗೆ ಚಪ್ಪಾಳಿ! ನಾ ಕೆಳಗ ಇಳದು ಬಂದೆ. ಹುಗ್ಗಿ ಉಣ್ಣಲಿಲ್ಲ, ಮೊದಲೇ ಬೆಲ್ಲ ಕಡಿಮಿ ಆಗಿತ್ತಂತ.

ಅಷ್ಟು ಮಂದಿ ಮುಂದ ಹೇಳಿದ್ದು. ಇನ್ನ ನಿಂಗ ಒಬ್ಬನಿಗೇ ಹೇಳೋದು ಐತಿ.

ಸಾಬರ ಬುತ್ತಿ ಬ್ಯಾಡ ಅಂತ ಯಾರೂ ಅಂದಿಲ್ಲೋ ಮಾರಾಯಾ. ನೀ ಅದನ್ನ ಮೂರು ವರ್ಷ ಎದ್ಯಾಗ ಇಟಗೊಂಡು ಸೀಟು ಹೊಲದಿ ಅಂತ ಓದಿ ನಂಗ ಕುಂತಲ್ಲಿ ಕುಂದ್ರಾಕ ಆಗಲಿಲ್ಲ, ಅದಕ್ಕ ಆ ‘ಮಾನ್ಯರೇ’ ಕಾಗದ ಬರದೆ. ಅಂಜಿದಾವ ಸರ್ಕಾರಿ ಕನ್ನಡ ಬರೀತಾನ.

ಕಳಕಮ್ಮ ಎದಿ ಉರೀತೈತಿ, ಬೆನ್ನು ಹಿಡದಂಗ ಆಗೈತಿ ಅಂತ ಎಂಟು ದಿನ ಅಂದ್ಲು. ಗ್ಯಾಸು ಅಂದೆ ನಾನು. ಗುಳಗಿ ತಂದು ಕೊಟ್ಟೆ, ಸೋಡಾ ಕುಡಿಸಿದೆ. ಆಕಿ ನಿಂಗ ಫೋನ್ ಮಾಡಿದಾಗ ಹೇಳಿದ್ಲು. ನೀ ನಂಗ ಫೋನ್ ಕೊಡಂದಿ, ‘ಲೇ, ಅದು ಗ್ಯಾಸಲ್ಲ, ಇವತ್ತೇ ಕೊಪ್ಪಳಕ್ಕ ಕರಕೊಂಡು ಹೋಗಿ ತೋರಿಸು’ ಅಂದಿ. ನಾ ಏನಂದೆ, ನೆನಪೈತಿ ನಿಂಗ. ‘ನೀ ಸೀಟು ಹೊಲಿ, ಡಾಕ್ಟರಕಿ ಮಾಡಬ್ಯಾಡ’ ಅಂದೆ. ಅದಾಗಿ ಎರಡನೇ ದಿನಕ್ಕ ಹೋದ್ಲು.

ಮಾತಾಡಿಸಾಕ ಬಂದವರು ಎಲ್ಲಾರೂ ಕೇಳೋದು ಒಂದೇ: ಏನಾಗಿತ್ತು, ಹೆಂಗಾತು, ಯಾವಾಗಿಂದ ಇತ್ತು? ಪ್ರತಿ ಸಲ ಮೊದಲಿನಿಂದ ಹೇಳಬೇಕು, ಪ್ರತಿ ಸಲ ಗ್ಯಾಸು ಅಂದೆ ಅಂತ ನನ್ನ ಬಾಯಿಲೇ ಬರಬೇಕು. ಮೂರನೇ ದಿನದ ಪೂಜಿ ಮುಗಿಸಿ ಸುನಿತಾನ್ನ ಬಲವಂತಲೇ ಗಿಣಿಗೇರಾಕ್ಕ ಕಳಿಸಿದೆ. ಯಂಕವ್ವನ ಕೈಲೇ ಮುಂದ ಕೀಲಿ ಹಾಕಿಸಿ, ಹಿತ್ತಲ ಬಾಗಲಾಗಿಂದ ಒಳಗ ಬಂದು ಕುಂತೆ. ಎಷ್ಟೋ ಮಂದಿ ಬಂದು ಹೋದ್ರು. ನಿನ್ನ ದನಿ ಕೇಳಿದಾಗ ಎದ್ದು ನಿಂತಿದ್ದೆ, ಮರ್ದಾನ. ನೀ ಹಂಗ ಕೇಳಾವ ಅಲ್ಲ. ಏನೂ ಕೇಳದ ಬಾಜೂ ಕುಂದ್ರತಿದ್ದಿ. ಅದಕ್ಕ ನಿನ್ನ ಅಂಜಿಕಿ ಉಳದವರಕಿಂತ ಹೆಚ್ಚಾತು.

ನೀ ಬರಲಿಲ್ಲ ಅಂತ ಮೊದಲು ಒಬ್ಬರ ಮುಂದ ಬಾಯಿ ತಪ್ಪಿ ಅಂದೆ. ಆಮ್ಯಾಲೆ ಅದೇ ಛಲೋ ಅನಸ್ತು. ನಿನ್ನ ಮ್ಯಾಲೆ ಸಿಟ್ಟು ಮಾಡಿಕೊಂಡು ಕುಂತ್ರ ನನ್ನ ಮ್ಯಾಲೆ ನಂಗ ಬರೋ ಸಿಟ್ಟು ಸ್ವಲ್ಪ ಕಡಿಮಿ ಆಗತಿತ್ತು.

ಬುತ್ತಿ ಯಂಕವ್ವ ಹಿತ್ತಲ ಕಡೆಯಿಂದ ತಂದು ಕೊಟ್ಲು. ಆಕಿ ಹೋದ ಮ್ಯಾಲೆ ಅಷ್ಟೂ ನಾನೇ ಉಂಡೆ. ಕಳಕಮ್ಮ ಹೋದಾಗಿಂದ ನಾ ಉಂಡ ಮೊದಲನೇ ಊಟ ಅದು. ಪುಂಡಿಪಲ್ಲೆ ಛಲೋ ಆಗಿತ್ತು. ಮುಮ್ತಾಜಬೇಗಂಗ ನೀ ಹೇಳಿದ್ದು ಸುಳ್ಳಲ್ಲ.

ಅಂದಪ್ಪ

*

ಗಂಗಾವತಿ
೬-೧-೨೦೨೫

ಅಂದಪ್ಪ,

ಗ್ಯಾನಪ್ಪ ಮತ್ತ ಫೋನ್ ಮಾಡಿದ್ದ. ಈ ಸಲ ‘ಮರ್ದಾನಣ್ಣ’ ಅಂದ. ಕಾರ್ಯಕ್ರಮ ಹಾಳಾತು ಅಂತ ಅರ್ಧಾ ತಾಸು ನಿನ್ನ ಬೈದ, ಆಮ್ಯಾಲೆ ಅತ್ತವರಂಗ ಮೂಗು ಏರಿಸಿದ. ಇನ್ನೂ ಏಳು ಮಂದಿ ಮಾಡಿದ್ರು. ಎಲ್ಲಾರ ಫೋನೂ ಎತ್ತಿದೆ.

ಕಾಗದ ಮುಮ್ತಾಜ ಮುಂದ ಓದಿದೆ, ಪೂರ್ತಿ. ‘ಹಂಗಾರ ನೀವು ಅವತ್ತು ಸುಳ್ಳು ಹೇಳಿದ್ರಿ?’ ಅಂತ ನನ್ನ ಮ್ಯಾಲೆ ತಿರುಗಿ ಬಿದ್ಲು. ಅವ ಉಂಡಾನಲ್ಲ ಅಂದ್ರ, ‘ನಿಮಗ ಗೊತ್ತಿರಲಿಲ್ಲಲ್ಲ’ ಅಂತಾಳ. ಎರಡು ದಿನ ಚಹಾದಾಗ ಸಕ್ಕರಿ ಇರಲಿಲ್ಲ.

ಗ್ಯಾಸಿನ ಬಗ್ಗೆ. ಆ ಫೋನ್ ಇಟ್ಟ ಮ್ಯಾಲೆ ನಂಗೂ ಸಿಟ್ಟು ಬಂದಿತ್ತು, ಸಾಯಲಿ ಇವ ಅಂತ ಮತ್ತ ಎರಡು ದಿನ ನಾ ಫೋನ್ ಮಾಡಲಿಲ್ಲ. ಮಾಡಿದ್ರ ನೀ ಕೇಳತಿದ್ದಿಯೋ ಇಲ್ಲೋ ನಂಗ ಗೊತ್ತಿಲ್ಲ. ಇದನ್ನೂ ನಾ ಯಾರ ಮುಂದೂ ಹೇಳಿಲ್ಲ.

ನಿನ್ನ ಮ್ಯಾಲಿನ ಸಿಟ್ಟು ಪೂರ್ತಿ ಹೋಗಿಲ್ಲ. ಹೋಗೋತನಕ ಕಾಯಕೋತ ಕುಂತ್ರ ಇಬ್ರೂ ಮಣ್ಣಿಗೆ ಹೋಗ್ತೀವಿ. ಹದಿನಾರನೇ ತಾರೀಖು ಗುರುವಾರ ನಾವಿಬ್ರೂ ಬರ್ತೀವಿ. ಮಾತಾಡಿಸಾಕ.

ಒಂದು ಮಾತು. ಮುಮ್ತಾಜ ಆ ಮನಿಗೆ ತಂಗಿ ಹೋದ ಮ್ಯಾಲೆ ಮೊದಲನೇ ಸಲ ಬರೋದು. ಹೊಸ್ತಿಲಾ ದಾಟಿದ ಕೂಡಲೆ ಹಾಡ್ಯಾಡಿಕೊಂಡು ಅಳ್ತಾಳ, ಜೋರಾಗಿ. ಮೂರು ವರ್ಷ ಆಗೈತಿ, ಸಣ್ಣಗ ಅಳು ಅಂದೆ. ‘ನಾ ಇನ್ನೂ ಅತ್ತಿಲ್ಲಲ್ಲ, ನಂಗ ಆಕಿ ಇವತ್ತೇ ಸತ್ತಂಗ’ ಅಂತಾಳ. ಓಣಿ ಮಂದಿ ಕೂಡ್ತಾರ. ನಿಂಗ ನಡೀತೈತೋ ಇಲ್ಲೋ, ಬರದು ತಿಳಿಸು.

ಮರ್ದಾನ

*

ಯಲಬುರ್ಗಾ
೧೦-೧-೨೦೨೫

ಮರ್ದಾನ,

ಕೊಪ್ಪಳದಾಗ ಒಂಬತ್ತೂವರಿ ಬಸ್ಸು ಹಿಡೀರಿ. ಹತ್ತಕ್ಕ ಒಂದು ಐತಿ ಅಂತ ಬೋರ್ಡಿನ್ಯಾಗ ಬರದಾರ, ಅದನ್ನ ಯಾರೂ ಕಣ್ಣಿಲೇ ನೋಡಿಲ್ಲ. ಕುಕನೂರಾಗ ಬಸ್ಸು ಕಾಲು ತಾಸು ನಿಲ್ತೈತಿ, ಇಳೀಬ್ಯಾಡ್ರಿ, ಡ್ರೈವರ ಹೇಳದ ಕೇಳದ ಹೊಂಡ್ತಾನ.

ಜೋರಾಗೇ ಅಳ್ಲಿ. ನಂಗ ಒಬ್ಬನಿಗೆ ಇನ್ನೂ ಸುರು ಮಾಡಾಕ ಬಂದಿಲ್ಲ.

ಅಂದಪ್ಪ